ಕಿಟಕಿಯ ಚಿಲಕ ಯಾರದು?

ಬಾಡಿಗೆಗೆ ಮನೆ ನೋಡಲು ಹೊರಟವನು ಕೇಳುವ ಪ್ರಶ್ನೆಗಳಿಗೆ ಒಂದು ಗೊತ್ತಾದ ಕ್ರಮವುಂಟು. ನೀರು ಎಷ್ಟು ಹೊತ್ತು ಬರುತ್ತದೆ, ಅದು ಕಾವೇರಿಯದೋ ಕೊಳವೆ ಬಾವಿಯದೋ. ಬಾಗಿಲು ಯಾವ ದಿಕ್ಕಿಗಿದೆ. ಮುಂಗಡ ಎಷ್ಟು, ಮನೆ ಬಿಡುವಾಗ ಅದರಲ್ಲಿ ಸುಣ್ಣಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ. ಗಾಡಿ ನಿಲ್ಲಿಸಲು ಸ್ಥಳವುಂಟೆ. ಶಾಲೆ, ತರಕಾರಿ ಅಂಗಡಿ, ಬಸ್ಸು ಎಷ್ಟು ದೂರ. ಮನೆಯ ಯಜಮಾನನೂ ತನ್ನ ಪಾಲಿನ ಪ್ರಶ್ನೆಗಳನ್ನು ಕೇಳುತ್ತಾನೆ: ಎಷ್ಟು ಜನ, ಎಲ್ಲಿ ಉದ್ಯೋಗ, ಅಡುಗೆ ಯಾವ ಬಗೆಯದು. ಇಷ್ಟೆಲ್ಲ ಪ್ರಶ್ನೋತ್ತರಗಳು ಮುಗಿದರೂ, ಕಿಟಕಿಯ ಬಳಿಗೆ ಹೋಗಿ, ಅದರ ಚಿಲಕವನ್ನು ಕೈಯಿಂದ ಮುಟ್ಟಿ, ‘ಇದನ್ನು ಎರಡು ವರ್ಷದ ಮಗು ತೆರೆಯಬಲ್ಲದೆ?’ ಎಂದು ಕೇಳಿದವರನ್ನು ನಾನು ಬಹಳ ಕಂಡಿಲ್ಲ. ಕೇಳಿದರೂ ಅದಕ್ಕೆ ಉತ್ತರ ಕೊಡಬೇಕಾದವರು ಯಾರೆಂಬುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಆ ತೀರ್ಮಾನ ಆಗಬೇಕೆಂಬುದೇ ಈ ಬರಹದ ಉದ್ದೇಶ.

ಹಿಂದಿನ ಮನೆಗಳಲ್ಲಿ ಈ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ಹಳ್ಳಿಯ ತೊಟ್ಟಿಮನೆಯ ಕಿಟಕಿ ಚಿಕ್ಕದು. ಅದಕ್ಕೆ ಮರದ ಸರಳುಗಳು. ಪಟ್ಟಣದ ವಠಾರಗಳ ಕಿಟಕಿ ಸ್ವಲ್ಪ ದೊಡ್ಡದು. ಅದಕ್ಕೆ ಚೌಕಟ್ಟಿನಲ್ಲೇ ಕೂರಿಸಿದ ಕಬ್ಬಿಣದ ಸರಳುಗಳು. ಬೀದಿಯಲ್ಲಿ ಮೆರವಣಿಗೆ ಹೋದರೆ ಮಕ್ಕಳು ಕಿಟಕಿಯ ಕಟ್ಟೆಯನ್ನೇರಿ, ಎರಡು ಕೈಗಳಲ್ಲಿ ಎರಡು ಸರಳು ಹಿಡಿದು, ಮೂಗನ್ನು ಹೊರಗೆ ಚಾಚಿ ನೋಡುತ್ತಿದ್ದರು. ತಾಯಂದಿರು ಒಳಗೆ ನಿಶ್ಚಿಂತೆಯಿಂದ ಒಗ್ಗರಣೆ ಹಾಕುತ್ತಿದ್ದರು. ನಿಜ ಹೇಳಬೇಕಾದರೆ ಆ ಸರಳುಗಳನ್ನು ಹಾಕಿಸಿದ್ದು ಮಕ್ಕಳನ್ನು ನೆನೆದಲ್ಲ, ಕಳ್ಳರನ್ನು ನೆನೆದು. ಹೊರಗಿನವನು ಒಳಗೆ ಬಾರದಿರಲೆಂದು ಮಾಡಿದ ಏರ್ಪಾಡು ಒಳಗಿನ ಕೂಸು ಹೊರಗೆ ಬೀಳದಂತೆಯೂ ಕಾಯುತ್ತಿತ್ತು. ಕಳ್ಳನಿಗೆ ಅಂಜಿ ನಾವು ಪಡೆದ ಪುಣ್ಯ ಅದು.

ಈಗ ಊರುಗಳು ಮೇಲಕ್ಕೆ ಬೆಳೆಯುತ್ತಿವೆ. ಬೆಂಗಳೂರಿನಲ್ಲಿ ಮಾತ್ರವಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಹತ್ತು ಹದಿನೈದು ಅಂತಸ್ತಿನ ವಸತಿ ಕಟ್ಟಡಗಳು ಎದ್ದಿವೆ. ಒಂಬತ್ತನೆಯ ಅಂತಸ್ತಿಗೆ ಕಳ್ಳ ಗೋಡೆ ಹತ್ತಿ ಬರಲಾರ. ಆದ್ದರಿಂದ ಸರಳುಗಳು ಬೇಡವಾದವು. ಅವುಗಳ ಜಾಗದಲ್ಲಿ ಪಕ್ಕಕ್ಕೆ ಜಾರುವ ಅಗಲವಾದ ಗಾಜಿನ ಕಿಟಕಿಗಳು ಬಂದವು. ಬೆಳಕು, ಗಾಳಿ, ದೂರದ ನೋಟ ಇವನ್ನೇ ಮುಂದೆ ಮಾಡಿ ಮನೆಗಳನ್ನು ಮಾರುತ್ತಾರೆ, ಬಾಡಿಗೆಗೆ ಕೊಡುತ್ತಾರೆ. ಕೆಲವು ಮನೆಗಳಲ್ಲಿ ಕಿಟಕಿಯ ಕಟ್ಟೆ ದೊಡ್ಡವರ ಮೊಣಕಾಲಿಗಿಂತ ತುಸುವೇ ಮೇಲಿರುತ್ತದೆ. ಚಿಲಕವೆಂದರೆ ಬೆರಳಿನಿಂದ ಒತ್ತಿದರೆ ಸಾಕು, ಬಿಟ್ಟುಕೊಳ್ಳುವಂಥದು. ನೆಲದಿಂದ ಎರಡಾಳು ಎತ್ತರದಲ್ಲಿದ್ದಾಗ ಇದ್ದ ರಕ್ಷಣೆ, ನೂರಡಿ ಎತ್ತರಕ್ಕೆ ಹೋದಾಗ ಇಲ್ಲವಾಯಿತು. ಅಪಾಯ ಹೆಚ್ಚಿದಂತೆ ಕಾವಲು ಕಡಿಮೆಯಾದ ಈ ವಿಚಿತ್ರಕ್ಕೆ ಕಾರಣ ಸರಳವಾದದ್ದು: ನಾವು ಅಂದೂ ಕಾಯುತ್ತಿದ್ದುದು ಸೊತ್ತನ್ನು, ಮಗು ಅದರ ಜೊತೆಗೆ ತಾನಾಗಿ ಉಳಿದುಕೊಂಡಿತ್ತು.

ಕಿಟಕಿಯಿಂದ ಮಗು ಬೀಳುವುದೆಂದರೆ ಅದು ವಿಧಿಯ ಆಟವೆಂದು ಹಲವರು ಬಗೆಯುತ್ತಾರೆ. ವಿಧಿಗಿಂತ ದೇಹಧರ್ಮವೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಚಿಕ್ಕ ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಭಾರವಾದದ್ದು. ಹಾಗಾಗಿ ಮಗು ಕಟ್ಟೆಯ ಮೇಲೆ ಬಗ್ಗಿದಾಗ ಅದರ ತೂಕ ನಾವೆಣಿಸುವುದಕ್ಕಿಂತ ಬೇಗ ಹೊರಗೆ ವಾಲುತ್ತದೆ. ಹತ್ತುವ ಬಲ ಅದಕ್ಕೆ ಒಂದೂವರೆ ವರ್ಷಕ್ಕೇ ಬಂದಿರುತ್ತದೆ. ಅಪಾಯದ ಅರಿವಾದರೋ ಎಷ್ಟೋ ತಡವಾಗಿ ಬರುತ್ತದೆ. ಕಿಟಕಿಯ ಕೆಳಗೆ ಮಂಚವೋ ಸೋಫಾವೋ ಆಟಿಕೆಯ ಪೆಟ್ಟಿಗೆಯೋ ಇದ್ದರೆ ಮೆಟ್ಟಿಲು ಸಿದ್ಧವಾದಂತೆಯೇ ಸರಿ. ಇನ್ನು ನಮ್ಮ ಮನೆಗಳಲ್ಲಿ ಮತ್ತೊಂದು ಮೋಸವುಂಟು, ಸೊಳ್ಳೆಯ ಜಾಲರಿ. ಅದು ಮುಚ್ಚಿದ್ದರೆ ಕಿಟಕಿ ಮುಚ್ಚಿದಂತೆಯೇ ಕಣ್ಣಿಗೆ ತೋರುತ್ತದೆ. ಆದರೆ ಸೊಳ್ಳೆಯನ್ನು ತಡೆಯಲೆಂದು ಮಾಡಿದ ಜಾಲರಿ ಮಗುವಿನ ಭಾರವನ್ನು ತಡೆಯುವುದಿಲ್ಲ. ಒರಗಿದರೆ ಚೌಕಟ್ಟು ಸಮೇತ ಕಳಚಿ ಬರುತ್ತದೆ. ಮಗುವಿಗೂ ಮನೆಯವರಿಗೂ ಅದು ಒಂದೇ ರೀತಿಯ ಹುಸಿ ಧೈರ್ಯವನ್ನು ಕೊಡುತ್ತದೆ.

ನನ್ನ ಮಗಳ ಸಂಸಾರಕ್ಕಾಗಿ ಬೆಂಗಳೂರಿನಲ್ಲಿ ಮನೆ ನೋಡುವ ಕೆಲಸದಲ್ಲಿ ನಾನೂ ಕೆಲವು ದಿನ ಅಲೆದಿದ್ದೇನೆ. ಮೊಮ್ಮಗನಿಗೆ ಎರಡು ವರ್ಷ ತುಂಬಿತ್ತು. ಐದನೆಯ ಅಂತಸ್ತಿನ ಒಂದು ಮನೆ ಎಲ್ಲ ಬಗೆಯಲ್ಲೂ ಒಪ್ಪಿಗೆಯಾಯಿತು. ಕಿಟಕಿಗಳಿಗೆ ಗ್ರಿಲ್ ಇಲ್ಲದ್ದನ್ನು ಕಂಡು, ಹಾಕಿಸಿಕೊಡುವಿರಾ ಎಂದು ಮಾಲೀಕರನ್ನು ಕೇಳಿದೆ. ಸಭ್ಯರೇ ಆದ ಅವರು ನಕ್ಕು, “ಮೇಷ್ಟ್ರೇ, ಕಿಟಕಿ ಒಳ್ಳೆಯ ಕಂಪನಿಯದು, ಗಾಜು ಭದ್ರವಾಗಿದೆ. ಮಗುವನ್ನು ನೋಡಿಕೊಳ್ಳುವುದು ಮಾತ್ರ ನಿಮ್ಮ ಮನೆಯವರ ಕೆಲಸ” ಎಂದರು. ಹಾಗಾದರೆ ನಾವೇ ಹಾಕಿಸಿಕೊಳ್ಳುತ್ತೇವೆ ಎಂದೆ. “ಚೌಕಟ್ಟಿಗೆ ತೂತು ಹೊಡೆಯಕೂಡದು, ಹೊರಗಿನಿಂದ ಕಾಣುವಂತಿದ್ದರೆ ಅಸೋಸಿಯೇಷನ್ನಿನವರೂ ಒಪ್ಪುವುದಿಲ್ಲ” ಎಂದರು. ಆ ಮನೆಯನ್ನು ನಾವು ಬಿಟ್ಟೆವು. ಆದರೆ ಅವರ ಮಾತು ನನ್ನನ್ನು ಬಿಡಲಿಲ್ಲ. ಅವರು ಕೆಟ್ಟವರಾಗಿದ್ದರೆ ಸಿಟ್ಟಾಗಿ ಮರೆಯಬಹುದಿತ್ತು. ನಮ್ಮ ಲೋಕವೆಲ್ಲ ನಂಬಿರುವುದನ್ನೇ ಅವರೂ ಹೇಳಿದರೆಂಬುದು ಯೋಚನೆಗೆ ಹಚ್ಚಿತು.

ಮಗುವನ್ನು ಹೆತ್ತವರು ನೋಡಿಕೊಳ್ಳಬೇಕು, ನಿಜ. ಇದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಈ ಮಾತಿನಿಂದ ಮನೆಗೆ ಯಾವ ಹೊಣೆಯೂ ಇಲ್ಲವೆಂಬ ತೀರ್ಮಾನ ಹೇಗೆ ಹೊರಡುತ್ತದೆ? ಬಾಲ್ಕನಿ, ತಾರಸಿಗಳ ಅಂಚಿನ ತಡೆಗೋಡೆ ಒಂದು ಮೀಟರಿಗೆ ಕಡಿಮೆಯಿರಬಾರದೆಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹೇಳುತ್ತದೆ. ‘ತಾರಸಿಗೆ ಗೋಡೆ ಏಕೆ? ಮೇಲೆ ಹೋದವರು ಎಚ್ಚರವಾಗಿದ್ದರಾಯಿತು’ ಎಂದು ಯಾವ ಮಾಲೀಕನೂ ವಾದಿಸುವುದಿಲ್ಲ. ಮೆಟ್ಟಿಲಿಗೆ ಕೈಪಿಡಿ, ನೀರಿನ ತೊಟ್ಟಿಗೆ ಮುಚ್ಚಳ, ವಿದ್ಯುತ್ತಿನ ತಂತಿಗೆ ಹೊದಿಕೆ ಇವೆಲ್ಲ ಮನುಷ್ಯನ ಎಚ್ಚರ ಒಂದು ಗಳಿಗೆ ತಪ್ಪಬಹುದೆಂಬ ತಿಳಿವಿನಿಂದಲೇ ಬಂದವು. ಒಲೆಯ ಮೇಲೆ ಹಾಲು ಉಕ್ಕುತ್ತದೆ, ಬಾಗಿಲಲ್ಲಿ ಯಾರೋ ಕರೆಯುತ್ತಾರೆ, ಹಿರಿಯರಿಗೆ ತೂಕಡಿಕೆ ಬರುತ್ತದೆ. ಇದು ಅಲಕ್ಷ್ಯವಲ್ಲ, ಸಂಸಾರದ ಸ್ವಭಾವ. ದಿನದ ಇಪ್ಪತ್ತನಾಲ್ಕು ಗಂಟೆಯೂ ರೆಪ್ಪೆ ಮುಚ್ಚದೆ ಕಾದರೆ ಮಾತ್ರ ಮಗು ಉಳಿಯುತ್ತದೆ ಎನ್ನುವಂಥ ಕಟ್ಟಡವನ್ನು ಮನೆಯೆಂದು ಕರೆಯುವುದೇ ಕಷ್ಟ. ಅಲ್ಲದೆ ಆ ಕಾವಲಿನ ಹೊರೆ ಬೀಳುವುದು ಬಹುಮಟ್ಟಿಗೆ ತಾಯಿಯ ಮೇಲೆ, ಅಜ್ಜಿಯ ಮೇಲೆ, ಇಲ್ಲವೆ ಸಂಬಳಕ್ಕೆ ಬಂದ ಆಯಾಳ ಮೇಲೆ. ಅನಾಹುತವಾದರೆ ಊರೆಲ್ಲ ಬೆರಳು ತೋರಿಸುವುದೂ ಅವರ ಕಡೆಗೇ. ಚಿಲಕವನ್ನು ಯಾರೂ ವಿಚಾರಿಸುವುದಿಲ್ಲ.

ಹೊಣೆ ಯಾರದೆಂಬ ಈ ಜಿಜ್ಞಾಸೆ ನಮಗೆ ಮಾತ್ರ ಬಂದದ್ದಲ್ಲ. ನಮಗಿಂತ ಬಹಳ ಮೊದಲೇ ಎತ್ತರಕ್ಕೆ ಬೆಳೆದ, ಸ್ವಂತ ಮನೆಯವರಿಗಿಂತ ಬಾಡಿಗೆದಾರರೇ ಹೆಚ್ಚಾಗಿರುವ ನ್ಯೂಯಾರ್ಕ್ ನಗರ ಇದನ್ನು ಎದುರಿಸಿತು. ಬೇಸಗೆಯಲ್ಲಿ ಕಿಟಕಿ ತೆರೆದಿಟ್ಟ ಬಡವರ ಮನೆಗಳಿಂದ ಮಕ್ಕಳು ಬೀಳುತ್ತಿದ್ದರು. ಅಲ್ಲಿನ ಆರೋಗ್ಯ ಇಲಾಖೆ 1972ರಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಮಕ್ಕಳು ಹಾರಲಾರರು ಎಂಬುದೇ ಅದಕ್ಕಿಟ್ಟ ಹೆಸರು. ಮಗು ಬಿದ್ದ ಮನೆಗಳಿಗೆ ದಾದಿಯರು ಹೋಗಿ ಕಾರಣ ವಿಚಾರಿಸಿದರು. ಹೆತ್ತವರಿಗೆ ತಿಳಿವಳಿಕೆ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೂ ಒಂದು ಉಪದೇಶವಾಗಿ ಮುಗಿಯುತ್ತಿತ್ತು. ಹೆಚ್ಚು ಅಪಾಯವಿದ್ದ ಪ್ರದೇಶಗಳಲ್ಲಿ ಚಿಕ್ಕ ಮಕ್ಕಳಿದ್ದ ಸಂಸಾರಗಳಿಗೆ ಕಿಟಕಿಯ ತಡೆಸರಳುಗಳನ್ನು ಪುಕ್ಕಟೆಯಾಗಿ ಹಂಚಿದರು. 1973ರಿಂದ 1975ರೊಳಗೆ ಬ್ರಾಂಕ್ಸ್ ಭಾಗದಲ್ಲಿ ವರದಿಯಾದ ಬೀಳುವಿಕೆಗಳು ಅರ್ಧಕ್ಕೆ ಇಳಿದವು. ಆ ಭಾಗದ ತಾಯಂದಿರು ಎರಡೇ ವರ್ಷಗಳಲ್ಲಿ ಎರಡು ಪಾಲು ಎಚ್ಚರಿಕೆಯವರಾದರೆಂದು ಹೇಳುವುದು ಕಷ್ಟ. ಕಿಟಕಿ ಬದಲಾಯಿತು, ಅಷ್ಟೆ.

ಈ ಅನುಭವದ ಬಲದ ಮೇಲೆ ಆ ನಗರ 1976ರಲ್ಲಿ ನಿಯಮವನ್ನೇ ಮಾಡಿತು. ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ ಹತ್ತು ವರ್ಷದವರೆಗಿನ ಮಗು ವಾಸವಾಗಿದ್ದರೆ, ಆ ಮನೆಯ ಕಿಟಕಿಗಳಿಗೆ ತಡೆಸರಳು ಹಾಕಿಸಬೇಕಾದವನು ಕಟ್ಟಡದ ಮಾಲೀಕ. ತೆರಪು ನಾಲ್ಕೂವರೆ ಅಂಗುಲಕ್ಕಿಂತ ಹೆಚ್ಚಿರಕೂಡದು. ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ವರ್ಷವರ್ಷವೂ ಮಾಲೀಕನೇ ಬಾಡಿಗೆದಾರನಿಗೆ ಬರೆದು ಕೇಳಬೇಕು. ಮಕ್ಕಳಿಲ್ಲದವನು ಬಯಸಿದರೂ ಹಾಕಿಸಿಕೊಡಬೇಕು. ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ಮೆಟ್ಟಿಲಿಗೆ ಹೋಗುವ ಕಿಟಕಿಗೆ ಈ ನಿಯಮದಿಂದ ವಿನಾಯಿತಿ. ಮಾಲೀಕ, ಬಾಡಿಗೆದಾರ ಎಂಬ ಇಬ್ಬರ ನಡುವೆ ಯಾರಿಗೂ ಸೇರದೆ ಬಿದ್ದಿದ್ದ ಹೊಣೆಯನ್ನು ನಗರಾಡಳಿತ ಎತ್ತಿ ಒಬ್ಬನ ಕೈಯಲ್ಲಿ ಇಟ್ಟಿತೆಂಬುದೇ ಇಲ್ಲಿನ ಮುಖ್ಯ ಸಂಗತಿ.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ ಇನ್ನೊಂದು ದಾರಿ ಹಿಡಿಯಿತು. ಅಲ್ಲಿಯ 2013ರ ತಿದ್ದುಪಡಿಯ ಪ್ರಕಾರ, ಹಲವು ಒಡೆಯರಿರುವ ವಸತಿ ಸಮುಚ್ಚಯಗಳಲ್ಲಿ, ಹೊರಗಿನ ನೆಲದಿಂದ ಎರಡು ಮೀಟರಿಗಿಂತ ಎತ್ತರದಲ್ಲಿದ್ದು ಒಳಗೆ ಮಗುವಿಗೆ ಎಟುಕುವಂತಿರುವ ಪ್ರತಿಯೊಂದು ಕಿಟಕಿಗೂ, ಅದು 12.5 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಬೇಕು. ಇಪ್ಪತ್ತೈದು ಕಿಲೋದಷ್ಟು ಭಾರ ಒತ್ತಿದರೂ ಆ ತಡೆ ಬಗ್ಗಬಾರದು. ಇದಕ್ಕೆ ಕೊಟ್ಟ ಗಡುವು 2018ರ ಮಾರ್ಚ್ 13. ಹೊಣೆ ಒಡೆಯರ ಸಂಘದ್ದು. ಆ ಮನೆಯಲ್ಲಿ ಮಗುವಿದೆಯೇ ಇಲ್ಲವೇ ಎಂಬುದನ್ನು ಈ ನಿಯಮ ಕೇಳುವುದೇ ಇಲ್ಲ. ಈ ಅಂಶವನ್ನು ವಾಚಕರು ಗಮನದಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದರ ಪ್ರಯೋಜನವಿದೆ.

ಇನ್ನು ನಮ್ಮ ಕಾನೂನನ್ನು ನೋಡೋಣ. ಮನೆ ಕೊಡುವವನ ಮತ್ತು ಪಡೆಯುವವನ ಹಕ್ಕುಬಾಧ್ಯತೆಗಳ ಮೂಲ ಇರುವುದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಸೆಕ್ಷನ್ನಿನಲ್ಲಿ. ಸುಲಭವಾಗಿ ಕಣ್ಣಿಗೆ ಬೀಳದ ದೊಡ್ಡ ದೋಷವೇನಾದರೂ ಆಸ್ತಿಯಲ್ಲಿದ್ದು ಅದು ಮಾಲೀಕನಿಗೆ ತಿಳಿದಿದ್ದರೆ ಅವನು ಅದನ್ನು ಹೇಳಬೇಕು. ಗ್ರಿಲ್ ಇಲ್ಲದ ಕಿಟಕಿಯಾದರೋ ಎಲ್ಲರ ಕಣ್ಣೆದುರಿಗೇ ಇರುವಂಥದು. ಆದ್ದರಿಂದ ಈ ಮಾತು ನಮಗೆ ಹೆಚ್ಚು ನೆರವಾಗದು. ಬಾಡಿಗೆದಾರ ತಾನು ಜೋಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು, ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು ಎಂಬ ಮಾತೂ ಅಲ್ಲಿದೆ. ಇದು ಸ್ವಲ್ಪ ಆಸರೆ. ಆದರೆ ಇವೆಲ್ಲ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಾಗ ಮಾತ್ರ ನಡೆಯತಕ್ಕವು. ನಮ್ಮ ಬಾಡಿಗೆ ಕರಾರುಗಳಾದರೋ, ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆಂಬ ಕಾರಣಕ್ಕೆ ಹನ್ನೊಂದು ತಿಂಗಳಿಗೆ ಬರೆದು, ಟೈಪು ಮಾಡುವವನ ಬಳಿ ಸಿದ್ಧವಾಗಿರುವ ಒಂದೇ ನಮೂನೆಯಲ್ಲಿ ಹೆಸರು ತುಂಬಿಸಿಕೊಂಡವು. ಗೋಡೆಗೆ ಮೊಳೆ ಹೊಡೆಯಕೂಡದೆಂಬ ಮಾತು ಅದರಲ್ಲಿ ತಪ್ಪದೆ ಇರುತ್ತದೆ. ಮಗುವಿನ ಮಾತು ಇರುವುದಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯಿದೆಯೊಂದನ್ನು ಸಿದ್ಧಪಡಿಸಿ, ರಾಜ್ಯಗಳು ಅಂಗೀಕರಿಸಲೆಂದು ಕಳುಹಿಸಿತು. ರಿಪೇರಿಗಳಲ್ಲಿ ಯಾವುದು ಮಾಲೀಕನದು, ಯಾವುದು ಬಾಡಿಗೆದಾರನದು ಎಂಬ ಪಟ್ಟಿ ಅದರಲ್ಲಿದೆ. ಕಟ್ಟಡದ ಮುಖ್ಯ ರಿಪೇರಿ, ಸುಣ್ಣಬಣ್ಣ, ಕೊಳಾಯಿ, ವಿದ್ಯುತ್ ತಂತಿಗಳ ಕೆಲಸ ಮಾಲೀಕನ ಪಾಲು. ಬಾಗಿಲು, ಬೀರು, ಕಿಟಕಿಗಳ ಹಿಡಿ ಮತ್ತು ಬೀಗಗಳನ್ನು ಬದಲಾಯಿಸುವುದು, ಕಿಟಕಿಯ ಗಾಜು ಬದಲಾಯಿಸುವುದು, ಕೊನೆಗೆ ಜಾಲರಿಯನ್ನು ಬದಲಾಯಿಸುವುದು ಸಹ ಬಾಡಿಗೆದಾರನ ಪಾಲು. ಪಟ್ಟಿ ಮಾಡಿದವರು ಕಿಟಕಿಯ ಬೀಗವನ್ನು ಮರೆಯಲಿಲ್ಲ. ಆದರೆ ಅದನ್ನು ಸವೆದುಹೋಗುವ ಸಾಮಾನೆಂದು ಎಣಿಸಿದರು, ಜೀವ ಕಾಯುವ ಸಾಧನವೆಂದು ಎಣಿಸಲಿಲ್ಲ. ಮುರಿದ ಬೀಗವನ್ನು ಬಾಡಿಗೆದಾರ ಬದಲಾಯಿಸಲಿ, ಅದು ನ್ಯಾಯವೇ. ಮೊದಲಿನಿಂದಲೇ ಇಲ್ಲದ ಬೀಗವನ್ನು ಯಾರು ಹಾಕಿಸಬೇಕು? ಪಟ್ಟಿ ಇಲ್ಲಿ ಮೌನವಾಗಿದೆ. ಮಗು ಬೀಳುವುದು ಈ ಮೌನದ ಸಂದಿಯಲ್ಲಿಯೇ.

ನನ್ನ ಅಭಿಪ್ರಾಯವನ್ನು ಈಗ ಸ್ಪಷ್ಟವಾಗಿ ಹೇಳುತ್ತೇನೆ. ಎತ್ತರದ ಕಿಟಕಿಗೆ ಮಗುವನ್ನು ತಡೆಯುವ ಏರ್ಪಾಡು ಮನೆಯ ಅಂಗ. ಅದು ಬಾಡಿಗೆದಾರನ ಸಾಮಾನಲ್ಲ. ಸೂರು, ಮೆಟ್ಟಿಲು, ತಾರಸಿಯ ಗೋಡೆ ಹೇಗೆ ಮನೆಯ ಜೊತೆಯಲ್ಲೇ ಬರುತ್ತವೆಯೋ ಹಾಗೆ ಅದೂ ಬರಬೇಕು, ಖರ್ಚು ಮಾಲೀಕನದಾಗಬೇಕು. ಬಾಡಿಗೆದಾರ ಹನ್ನೊಂದು ತಿಂಗಳಿಗೋ ಮೂರು ವರ್ಷಕ್ಕೋ ಹೊರಟುಹೋಗುತ್ತಾನೆ. ಅವನ ಹಿಂದೆ ಇನ್ನೊಂದು ಸಂಸಾರ, ಇನ್ನೊಂದು ಮಗು ಬರುತ್ತದೆ. ಕಿಟಕಿ ಮಾತ್ರ ಅಲ್ಲೇ ಇರುತ್ತದೆ. ಎಲ್ಲಿ ಅಪಾಯ ನಿಂತಿದೆಯೋ ಅಲ್ಲಿ ಹೊಣೆಯೂ ನಿಲ್ಲಬೇಕಲ್ಲವೆ?

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಒಂದು ನಿಜವಾಗಿಯೂ ಗಂಭೀರವಾದದ್ದು. ಮಗುವಿದ್ದರೆ ಖರ್ಚು ಬರುತ್ತದೆಂದಾದರೆ, ಮಗುವಿರುವವರಿಗೆ ಮನೆಯನ್ನೇ ಕೊಡದೆ ಹೋಗುವ ಮಾಲೀಕರಿದ್ದಾರೆ. ಜಾತಿ, ಅಡುಗೆ, ಉದ್ಯೋಗಗಳನ್ನು ನೋಡಿ ಬಾಡಿಗೆದಾರರನ್ನು ಆರಿಸುವ ನಮ್ಮ ಪಟ್ಟಣಗಳಲ್ಲಿ ಇದು ಬರಿಯ ಊಹೆಯಲ್ಲ. ನ್ಯೂಯಾರ್ಕಿನ ನಿಯಮವನ್ನು ಹಾಗೆಯೇ ತಂದರೆ ಇಲ್ಲಿ ಈ ತೊಡಕು ಹುಟ್ಟೀತು. ಆದ್ದರಿಂದಲೇ ನ್ಯೂ ಸೌತ್ ವೇಲ್ಸಿನ ದಾರಿ ನಮಗೆ ಹೆಚ್ಚು ಒಪ್ಪುತ್ತದೆಂದು ನಾನು ಭಾವಿಸುತ್ತೇನೆ. ಹೊಣೆಯನ್ನು ಮಗುವಿಗೆ ಕಟ್ಟದೆ ಕಿಟಕಿಗೆ ಕಟ್ಟಬೇಕು. ಇಷ್ಟು ಎತ್ತರದ ಕಿಟಕಿಗೆ ಇಂಥ ತಡೆ ಇರಲೇಬೇಕು, ಒಳಗೆ ಯಾರೇ ಇರಲಿ ಎಂದಾದರೆ, ಮಗುವಿರುವವರನ್ನು ದೂರ ಇಡಲು ಮಾಲೀಕನಿಗೆ ಈ ಕಾರಣವಾದರೂ ಇರುವುದಿಲ್ಲ.

ಎರಡನೆಯ ಆಕ್ಷೇಪ ಅಂದದ್ದು. ಕಟ್ಟಡದ ಮುಖ ಒಂದೇ ತೆರನಾಗಿರಬೇಕು, ಒಬ್ಬೊಬ್ಬರು ಒಂದೊಂದು ಬಗೆಯ ಗ್ರಿಲ್ ಹಾಕಿದರೆ ನೋಟ ಕೆಡುತ್ತದೆಂದು ಅಸೋಸಿಯೇಷನ್ನುಗಳು ಹೇಳುತ್ತವೆ. ಅಂದಕ್ಕೆ ನಾನು ವಿರೋಧಿಯಲ್ಲ. ಆದರೆ ಒಂದೇ ತೆರನಾಗಿರಬೇಕೆಂಬ ವಾದದಿಂದ ಎಲ್ಲರೂ ಹಾಕಿಸಬೇಕೆಂದೂ ಹೇಳಬಹುದಲ್ಲ, ಯಾರೂ ಹಾಕಿಸಕೂಡದೆಂದೇ ಏಕೆ ಹೇಳಬೇಕು? ಜಾರುವ ಕಿಟಕಿ ಒಂದು ಗೇಣೂ ತೆರೆಯದಂತೆ ಹಳಿಯಲ್ಲಿ ಕೂರಿಸುವ ಸಣ್ಣ ತಡೆ ಹೊರಗಿನಿಂದ ಕಾಣುವುದೂ ಇಲ್ಲ. ತೆಳುವಾದ ಉಕ್ಕಿನ ತಂತಿಗಳನ್ನು ಒತ್ತಾಗಿ ಬಿಗಿದು ಮಾಡುವ, ದೂರಕ್ಕೆ ಕಣ್ಣಿಗೆ ಬೀಳದ ಗ್ರಿಲ್ಲುಗಳೂ ಈಗ ಬಂದಿವೆ. ಅಂದ ಕೆಡದೆ ಜೀವ ಉಳಿಸುವ ಉಪಾಯಗಳು ಇರುವಾಗ ಅಂದವನ್ನು ಅಡ್ಡ ತರುವುದು ಸಲ್ಲದು.

ಮೂರನೆಯದು ಬೆಂಕಿಯ ಭಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಹೊಗೆಯಿಂದ ಪಾರಾಗಲು ಕಿಟಕಿಗಳಿಂದ ಹಾರಿದವರೂ ಇದ್ದರು. ಅಲುಗಾಡದಂತೆ ಬೆಸುಗೆ ಹಾಕಿದ ಕಬ್ಬಿಣದ ಪಂಜರ ಮಗುವನ್ನು ಕಿಟಕಿಯಿಂದ ಕಾದು ಬೆಂಕಿಗೆ ಒಪ್ಪಿಸಬಹುದು. ಆದ್ದರಿಂದ ಪ್ರತಿ ಕೋಣೆಯಲ್ಲಿ ಒಂದು ಕಿಟಕಿಯಾದರೂ, ಒಳಗಿನಿಂದ ದೊಡ್ಡವರು ಬೀಗದ ಕೈ ಹುಡುಕದೆ ತೆರೆಯಬಲ್ಲ, ಮಗು ತೆರೆಯಲಾರದ ರೀತಿಯದಾಗಿರಬೇಕು. ಎರಡು ಚಲನೆಗಳನ್ನು ಒಟ್ಟಿಗೆ ಮಾಡಿದರೆ ಮಾತ್ರ ಬಿಟ್ಟುಕೊಳ್ಳುವ, ಮಗುವಿನ ಕೈಗೆ ಎಟುಕದಷ್ಟು ಮೇಲಿಟ್ಟ ಚಿಲಕ ಇದಕ್ಕೆ ಸಾಕು. ಅಸಾಧ್ಯವಾದದ್ದೇನನ್ನೂ ಕೇಳಿದಂತಾಗಲಿಲ್ಲ.

ಕಾನೂನು ಬರುವವರೆಗೆ ಮಕ್ಕಳು ಬೆಳೆಯದೆ ಕಾಯುವುದಿಲ್ಲ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಕರಾರು ಪತ್ರ. ‘ನೆಲಮಾಳಿಗೆಗಿಂತ ಮೇಲಿನ ಎಲ್ಲ ಕಿಟಕಿಗಳಿಗೂ ಬಾಲ್ಕನಿಗೂ ಮಗು ದಾಟದಂಥ ತಡೆಯನ್ನು ಮಾಲೀಕರು ಮನೆ ಒಪ್ಪಿಸುವ ಮೊದಲು ಹಾಕಿಸತಕ್ಕದ್ದು’ ಎಂಬ ಒಂದು ಸಾಲು ಸೇರಿಸಿ ಎಂದು ಕೇಳುವುದಕ್ಕೆ ಸಂಕೋಚಪಡಬಾರದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ವಾಡಿಕೆಯಿರುವಾಗ, ಅದರ ಮುಂದೆ ಒಂದು ಚಿಲಕದ ಬೆಲೆ ಎಷ್ಟರದು? ಮಾಲೀಕ ಒಪ್ಪದಿದ್ದರೆ, ನಾವೇ ಹಾಕಿಸಿಕೊಂಡು ಬಿಡುವಾಗ ತೂತು ಮುಚ್ಚಿಕೊಡುತ್ತೇವೆ, ಅದಕ್ಕಾಗಿ ಮುಂಗಡದಲ್ಲಿ ಮುರಿಯಬಾರದು ಎಂದಾದರೂ ಬರೆಸಿಕೊಳ್ಳಬೇಕು. ಮಂಚವನ್ನು ಕಿಟಕಿಯಿಂದ ದೂರ ಸರಿಸುವುದು, ಬಾಲ್ಕನಿಯಲ್ಲಿ ಕುರ್ಚಿ, ಹೂಕುಂಡಗಳನ್ನು ಗೋಡೆಯ ಅಂಚಿಗೆ ಇಡದಿರುವುದು ಯಾರ ಅಪ್ಪಣೆಯೂ ಬೇಡದ ಕೆಲಸಗಳು. ಬಾಡಿಗೆ ಕರಾರಿನ ನಮೂನೆ ಬರೆಯುವ ವಕೀಲರು, ಅಸೋಸಿಯೇಷನ್ನುಗಳ ಕಾರ್ಯದರ್ಶಿಗಳು, ಕಟ್ಟಡಶಾಸ್ತ್ರ ಕಲಿಸುವ ಅಧ್ಯಾಪಕರು ಮನಸ್ಸು ಮಾಡಿದರೆ ಈ ಒಂದು ಸಾಲು ಕೆಲವೇ ವರ್ಷಗಳಲ್ಲಿ ವಾಡಿಕೆಯಾದೀತು. ಗೋಡೆಗೆ ಮೊಳೆ ಹೊಡೆಯಕೂಡದೆಂಬ ಸಾಲು ಹೀಗೆಯೇ ವಾಡಿಕೆಯಾದದ್ದು.

ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವು ಬಲ್ಲೆವು. ಮಗು ಬಿದ್ದ ಸುದ್ದಿ ಬಂದ ಮಾರನೆಯ ದಿನ ಆ ಕಟ್ಟಡದ ಎಲ್ಲ ಮನೆಗಳವರೂ ಗ್ರಿಲ್ ಹಾಕುವವನನ್ನು ಹುಡುಕಿಕೊಂಡು ಹೊರಡುವುದು ಅದೇ ಗಾದೆಯ ಹೊಸ ರೂಪ. ಅಂದು ಹಾಕಿಸಲು ಸಾಧ್ಯವಾದದ್ದು ಹಿಂದಿನ ದಿನವೂ ಸಾಧ್ಯವಿತ್ತು. ಬಾಡಿಗೆಗೆ ಕೊಡುವವರು ನಾಲ್ಕು ಗೋಡೆಗಳನ್ನು ಕೊಟ್ಟರೆ ಸಾಲದು, ಆ ಗೋಡೆಗಳೊಳಗೆ ಒಂದು ಕೂಸು ಬದುಕಬಲ್ಲುದೆಂಬ ಭರವಸೆಯನ್ನೂ ಕೊಡಬೇಕು. ಆ ಭರವಸೆಗೆ ತೆರಬೇಕಾದ ಬೆಲೆ ಹೆಚ್ಚೇನೂ ಇಲ್ಲ. ನಾಲ್ಕು ತಿರುಪು, ಒಂದು ಚಿಲಕ, ಅದು ನನ್ನದೆಂದು ಒಪ್ಪಿಕೊಳ್ಳುವ ಮನಸ್ಸು.